ಎಡಗಾಲಿನ ಸಪ್ಪಳ

ಬೆಳಗಿನಿಂದ ಸೋನಾಬಾಯಿಯ ಹೆಣಿಕೆ ತಪ್ಪುತ್ತಿತ್ತು. ತೊಗಲಿನ ಏಳು ಎಳೆಗಳನ್ನು ಜಡೆಯಂತೆ ಹೆಣೆದು ಚಪ್ಪಲಿಯ ಮೇಲೆ ಕೂರಿಸುವುದು ಅವಳಿಗೆ ಕಣ್ಣು ಮುಚ್ಚಿದರೂ ಬರುವ ಕೆಲಸ. ಅತ್ತೆ ಕಲಿಸಿದ ದಿನದಿಂದ ಇಪ್ಪತ್ತೈದು ವರ್ಷ ಆ ಬೆರಳುಗಳು ತಮ್ಮಷ್ಟಕ್ಕೆ ತಾವೇ ದಾರಿ ಹಿಡಿದು ನಡೆದಿದ್ದವು. ಇವತ್ತು ಮಾತ್ರ ಮೂರನೆಯ ಎಳೆ ಕೆಳಗೆ ಹೋಗುವ ಬದಲು ಮೇಲೆ ಬಂತು. ಬಿಚ್ಚಿದಳು. ಮತ್ತೆ ಮೇಲೆಯೇ ಬಂತು. ಅಂಗಳದ ಆಚೆ ತುದಿಯಲ್ಲಿ ಗಂಡ ಜಕ್ಕಪ್ಪ ಅಡಿಯ ತೊಗಲನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದ. ಅವಳು ಮೂರು ಸಲ ಬಿಚ್ಚಿದ್ದನ್ನು ನೋಡಿಯೂ ನೋಡದಂತೆ ಇದ್ದ. ಶುಕ್ರವಾರದೊಳಗೆ ನಿಪ್ಪಾಣಿಯ ಅಂಗಡಿಗೆ ಇಪ್ಪತ್ತು ಜೋಡಿ ಮುಟ್ಟಿಸಬೇಕಿತ್ತು, ಇನ್ನೂ ಒಂಬತ್ತು ಆಗಿದ್ದವು. ಆದರೆ ಅವಳ ಗಮನವೆಲ್ಲ ಇದ್ದದ್ದು ಗೋಡೆಯ ಬದಿಗೆ ಬೋರಲು ಹಾಕಿದ್ದ ಬುಟ್ಟಿಯ ಕೆಳಗೆ. ಅಲ್ಲೊಂದು ಗಂಡಸಿನ ಚಪ್ಪಲಿ ಇತ್ತು. ಎಡಗಾಲಿನದು, ಒಂದೇ ಒಂದು. ಕೋರ್ಟಿಗೆ ಹೋಗಲು ಹತ್ತೂವರೆಯ ಬಸ್ಸಿಗೆ ಕುಲಸುಂಬಿ ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ. ತಾನು ಹೋಗುತ್ತೇನೋ ಇಲ್ಲವೋ ಎಂಬುದು ಸೋನಾಬಾಯಿಗೆ ಇನ್ನೂ ಗೊತ್ತಿರಲಿಲ್ಲ.

ಕುಲಸುಂಬಿ ಬಂದದ್ದು ಹೋದ ಶುಕ್ರವಾರ ಮಧ್ಯಾಹ್ನ. ದ್ರಾಕ್ಷಿ ತೋಟದ ಕೂಲಿ ಮುಗಿಸಿ, ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು, ಹೊಸಿಲಿನ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದ ಮೇಲೆ ಬಂದು ಕುಳಿತು, ಗಂಟು ಬಿಚ್ಚಿ ಒಂದೊಂದೇ ನೆಲಕ್ಕಿಟ್ಟಳು. ಒಂದು ಕಬ್ಬಿಣದ ಚಾವಿ, ನದಿಯಿಂದ ಎತ್ತಿದ ನೀರನ್ನು ಹೊಲಗಳಿಗೆ ಬಿಡುವ ವಾಲ್ ತಿರುಗಿಸುವಂಥದು, ಮೊಳಕೈಯಷ್ಟು ಉದ್ದ. ತುಕ್ಕು ಹಿಡಿದ ಬ್ಯಾಟರಿ. ಮುಚ್ಚಳ ಕಳೆದ ಬುತ್ತಿಯ ಡಬ್ಬಿ. ಕೊನೆಗೆ ಈ ಚಪ್ಪಲಿ. ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಅರಗಿನ ಮುದ್ರೆ, ಉಂಗುಟದ ಹತ್ತಿರ ಕಿತ್ತ ಬಾರು.

“ಕೇಸ ಮುಗೀತಂತ ಸೋನಕ್ಕ. ಹನ್ನೊಂದ ವರ್ಷ ಇಟ್ಕೊಂಡಿದ್ರು, ಈಗ ಸಾಮಾನ ಒಯ್ ಅಂದಾರ. ಸೋಮವಾರ ಕೋರ್ಟಿಗೆ ಬಂದು ‘ನನ್ನ ಗಂಡನ ಸಾಮಾನ, ನನಗ ಮುಟ್ಟಿದುವು’ ಅಂತ ಹೆಬ್ಬೆಟ್ಟ ಒತ್ತಬೇಕಂತ.”

ಕುಲಸುಂಬಿ ಚಪ್ಪಲಿಯನ್ನು ಸೋನಾಬಾಯಿಯ ಮುಂದೆ ಸರಿಸಿದಳು.

“ಉಳದದ್ದೆಲ್ಲಾ ಅವರದ. ಆದ್ರ ಚಪ್ಪಲಿ ಯಾರ್ದು? ದಿನಾ ಕೆಸರಾಗ ನಿಲ್ಲೂ ಮನಶಾಗ ಚಪ್ಪಲಿ ಎಲ್ಲೀದು? ಮದಿವ್ಯಾಗ ಒಮ್ಮೆ ಹಾಕ್ಕೊಂಡಿದ್ರು, ನೀವ ಮಾಡಿಕೊಟ್ಟಿದ್ರಿ. ಅವು ಇನ್ನೂ ನನ್ನ ಟ್ರಂಕಿನಾಗ ಅದಾವ. ಇದೂ ನಿಮ್ಮ ಕೈದ ಅನ್ನಸ್ತು. ಅದಕ್ಕ ತೋರಸಾಕ ತಂದೆ.”

“ನೋಡಬೇಕು ಬೂಬು,” ಎಂದಷ್ಟೇ ಹೇಳಿದ್ದಳು ಸೋನಾಬಾಯಿ. “ಇಲ್ಲೇ ಬಿಟ್ಟ ಹೋಗು.”

ಕುಲಸುಂಬಿ ಒತ್ತಾಯ ಮಾಡಲಿಲ್ಲ. ನೀರು ಕುಡಿದಳು, ತಂಬಿಗೆಯನ್ನು ತೊಳೆದು ಬೋರಲಿಟ್ಟಳು. ಏಳುವಾಗ ಅಂಗಳದಲ್ಲಿ ಚೆಲ್ಲಿದ್ದ ತೊಗಲಿನ ಚೂರುಗಳನ್ನು ಆರಿಸಿ ಬುಟ್ಟಿಗೆ ಹಾಕಿ ಹೋದಳು, ತನ್ನದೇ ಮನೆಯೇನೋ ಎಂಬಂತೆ. ಅವಳು ಬೈದಿದ್ದರೆ ಸೋನಾಬಾಯಿಗೆ ಅಷ್ಟು ನೋಯುತ್ತಿರಲಿಲ್ಲ.

ಕುಲಸುಂಬಿಯ ಗಂಡ ಮೈಬೂಬನೂ ಹಾಗೆಯೇ ಇದ್ದ. ಊರಿನ ನೀರಿನ ಪಾಳಿ ಅವನ ಕೈಯಲ್ಲಿತ್ತು. ಇಂಥ ದಿನ ಇಂಥವರ ಹೊಲಕ್ಕೆ ಎಂದು ಚೀಟಿ ಬರೆದು ಪೇಟದೊಳಗೆ ಸಿಕ್ಕಿಸಿಕೊಂಡು, ಹೆಗಲ ಮೇಲೆ ಆ ಚಾವಿ ಹೊತ್ತು ಬರಿಗಾಲಲ್ಲಿ ತಿರುಗುವ ಮನುಷ್ಯ. ಸಮಗಾರ ಕೇರಿಗೆ ಪಾಳಿ ಎಲ್ಲಿಂದ ಬರಬೇಕು, ಹೊಲವೇ ಇಲ್ಲದವರಿಗೆ? ತೊಗಲು ನೆನೆಹಾಕುವುದಕ್ಕೆ ಸೋನಾಬಾಯಿ ಹೊಳೆಯಿಂದ ಕೊಡ ಹೊರುತ್ತಿದ್ದ ಕಾಲ ಅದು. ಊರ ಬಾವಿಗೆ ತೊಗಲಿನ ಕೈಗಳು ಹೋಗುವಂತಿರಲಿಲ್ಲ. ಒಂದು ದಿನ ಅಂಗಳದಲ್ಲಿ ತೊಗಲು ನೆನೆಹಾಕುವ ಕಲ್ಲುದೋಣಿಯಲ್ಲಿ ನೀರು ತುಂಬಿ ತುಳುಕುತ್ತಿತ್ತು. ಕೇರಿಯ ಮೇಲಿನ ವಾಲನ್ನು ಅವನು ಪೂರ್ತಿ ಬಿಗಿಯದೆ ಬಿಟ್ಟಿದ್ದ. ಬೆರಳು ದಪ್ಪದ ಧಾರೆ ಹುಲ್ಲಿನಲ್ಲಿ ದಾರಿ ಮಾಡಿಕೊಂಡು ಬಂದು ದೋಣಿಗೆ ಬೀಳುತ್ತಿತ್ತು. ಅವಳು ಕೇಳಿದಾಗ ಅವನು ಗಂಭೀರವಾಗಿ, “ಆ ವಾಲ ಹಳೇದಾಗೈತಿ ಸೋನಾಬಾಯಿ, ಸೋರತೈತಿ. ಏನ ಮಾಡಿದ್ರೂ ನಿಲ್ಲವಲ್ದು,” ಎಂದಿದ್ದ. ಅವನು ಸತ್ತ ಮೇಲೆ ಬಂದವನು ಅದೇ ವಾಲನ್ನು ಒಂದೇ ತಿರುವಿಗೆ ನಿಲ್ಲಿಸಿದ.

ಜಕ್ಕಪ್ಪನ ಬಡಿತ ನಿಂತಿತು. ಅವನು ಬೀಡಿ ಹಚ್ಚಿಕೊಂಡ. ಅವಳು ಎಳೆಗಳನ್ನು ಬಿಚ್ಚಿ ನಾಲ್ಕನೆಯ ಸಲ ಶುರು ಮಾಡಿದಳು.

ಈ ಸೀಮೆಯ ದೊಡ್ಡ ಮನುಷ್ಯರಿಗೆ ಸಪ್ಪಳದ ಚಪ್ಪಲಿಯೆಂದರೆ ಒಂದು ಗತ್ತು. ಅಡಿಯ ಎರಡು ತೊಗಲುಗಳ ನಡುವೆ ಒಂದು ಕಾಡುಬೀಜ ಇಟ್ಟು ಹೊಲಿದರೆ ಹೆಜ್ಜೆ ಹೆಜ್ಜೆಗೂ ಅದು ಕರ್ರ್, ಕರ್ರ್ ಎನ್ನುತ್ತದೆ. ಬೀಜ ಎಷ್ಟು ಒಣಗಿರಬೇಕು, ಹಿಮ್ಮಡಿಯಿಂದ ಎಷ್ಟು ದೂರ ಕೂರಬೇಕು ಎಂಬುದು ಕೇರಿಯಲ್ಲಿ ಸೋನಾಬಾಯಿಯೊಬ್ಬಳಿಗೇ ಗೊತ್ತು, ಅವಳ ಅತ್ತೆ ಸಾಯುವ ಮುಂಚೆ ಕೊಟ್ಟು ಹೋದದ್ದು ಅದೊಂದನ್ನೇ. ಊರ ದೊಡ್ಡ ಜಮೀನುದಾರ ತಾತ್ಯಾಸಾಹೇಬರ ಜೋಡಿಗೆ ಮಾತ್ರ ಅವಳು ಇನ್ನೊಂದು ಚಮತ್ಕಾರ ಮಾಡಿದ್ದಳು. ಎಡಗಾಲಿಗೆ ದಪ್ಪ ದನಿ, ಬಲಗಾಲಿಗೆ ಸಣ್ಣ ದನಿ. ಅವರು ಓಣಿಯ ತಿರುವಿಗೆ ಬರುವ ಮುಂಚೆಯೇ ಚಾವಡಿ ಕಟ್ಟೆಯ ಮೇಲಿನವರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು, ಮುಖ ಕಾಣುವ ತನಕ ಕಾಯುತ್ತಿರಲಿಲ್ಲ. ಮೊದಮೊದಲು ಅದನ್ನು ನೋಡಿ ಅವಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಇಡೀ ಊರನ್ನು ಎಬ್ಬಿಸಿ ನಿಲ್ಲಿಸುವುದು ತನ್ನ ಕೈಯ ಕೆಲಸ! ಹಾಗೆ ಅಂದುಕೊಂಡೇ ತನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ತಾತ್ಯಾಸಾಹೇಬರ ವಾಡೆಯ ಮುಂದೆ ಬರಿಗಾಲಲ್ಲಿ ದಾಟುತ್ತಿದ್ದಳು. ಕೇರಿಯವರೆಲ್ಲ ಹಾಗೆಯೇ ದಾಟಬೇಕಿತ್ತು. ಈಗಲೂ ದಾಟುತ್ತಾರೆ.

ಎಂಬತ್ತನಾಲ್ಕರ ಆ ಶನಿವಾರ ಬೆಳಿಗ್ಗೆ ತಾತ್ಯಾಸಾಹೇಬರೇ ಕೇರಿಗೆ ಬಂದಿದ್ದರು, ಸಪ್ಪಳವಿಲ್ಲದೆ. ಕಾಲಲ್ಲಿ ರಬ್ಬರಿನ ಚಪ್ಪಲಿ. “ಒಂದ ಚಪ್ಪಲಿ ನಾಯಿ ಒಯ್ತು ನೋಡ ಸೋನವ್ವ,” ಎಂದರು ನಗುತ್ತ. “ದಸರಾಕ್ಕಂತ ಹಿಡದಿದ್ದ್ಯಲ್ಲಾ ಜೋಡಿ, ಅದನ್ನ ನಾಳಿ ಮುಗಸಿ ಕೊಟ್ಟಬಿಡು. ಸಪ್ಪಳ ಮಾತ್ರ ಹಂಗ ಇರಬೇಕು.” ಸೋನವ್ವ ಎಂದು ಅವರು ಕರೆದದ್ದು ಅದೇ ಮೊದಲು, ಅದೇ ಕೊನೆ. ಅವಳು ಶನಿವಾರ, ಭಾನುವಾರ ಕುಳಿತು ಮುಗಿಸಿದಳು. ಎಡಕ್ಕೆ ದಪ್ಪ ದನಿ, ಬಲಕ್ಕೆ ಸಣ್ಣ ದನಿ. ಮೈಬೂಬ ಶುಕ್ರವಾರದಿಂದ ಮನೆಗೆ ಬಂದಿಲ್ಲ ಎಂಬ ಸುದ್ದಿ ಕೇರಿಗೆ ಮುಟ್ಟಿದ್ದು ಭಾನುವಾರ ಇಳಿಹೊತ್ತು, ಆ ಜೋಡಿ ವಾಡೆಗೆ ಹೋದ ಮೇಲೆ. ಸೋಮವಾರ ನೀರಿನ ಟಾಕಿಯಲ್ಲಿ ಅವನು ಹೆಣವಾಗಿ ಸಿಕ್ಕ.

ಅವಳ ಕಣ್ಣ ಮುಂದೆ ಟಾಕಿಯ ಗೋಡೆಯ ನೆರಳು ಬಂತು. ಅಲ್ಲಿ ಊರೆಲ್ಲ ನೆರೆದಿತ್ತು. ಕುಲಸುಂಬಿಯನ್ನು ನಾಲ್ಕು ಹೆಂಗಸರು ಹಿಡಿದಿದ್ದರು. ಟಾಕಿಯ ಬುಡದ ಕೆಸರು ನೀರಿನಲ್ಲಿ ಸಿಕ್ಕ ಚಪ್ಪಲಿಯನ್ನು ಫೌಜದಾರ ಕೋಲಿನ ತುದಿಯಿಂದ ಎತ್ತಿ ತೋರಿಸಿ, “ಯಾರ್ದಿದು? ಸಮಗಾರ್ರನ್ನ ಕರೀರಿ,” ಎಂದ. ಜಕ್ಕಪ್ಪ ಮುಂದೆ ಬಂದು ಕೈಮುಗಿದ. “ಈ ಕಡೆ ಎಲ್ಲಾರೂ ಇಂಥಾವ ಮಾಡ್ತಾರ ಸಾಹೇಬ್ರ. ಅಥಣಿ ಪ್ಯಾಟ್ಯಾಗ ಸಾವಿರ ಸಿಗ್ತಾವ.” ಗುಂಪಿನಲ್ಲಿ ಯಾರೋ ತಾತ್ಯಾಸಾಹೇಬರ ಹೆಸರನ್ನು ಪಿಸುಗುಟ್ಟಿದರು. ಪಾಳಿಯಿಲ್ಲದ ದಿನ ದ್ರಾಕ್ಷಿಗೆ ನೀರು ಬಿಡಲಿಲ್ಲವೆಂದು ಅವರಿಗೂ ಮೈಬೂಬನಿಗೂ ಅದೇ ವಾರ ಜಗಳವಾದದ್ದು ಎಲ್ಲರಿಗೂ ಗೊತ್ತಿತ್ತು. ಪಂಚನಾಗಿ ನಿಂತಿದ್ದ ಮುರಗೆಪ್ಪ, ನಾಲ್ಕೆಕರೆ ಕಬ್ಬಿನ ಸಾದಾ ಮನುಷ್ಯ, ಆ ಪಿಸುಮಾತಿಗೆ ತಲೆಯಾಡಿಸಿ, “ಛೇ ಛೇ, ಅವರ ಚಪ್ಪಲಿ ಸಪ್ಪಳ ಮಾಡತೈತ್ರಿ, ಬೇಕಾರ ಬಗ್ಗಿಸಿ ನೋಡ್ರಿ,” ಎಂದ. ಫೌಜದಾರ ಮೂಗು ಮುಚ್ಚಿಕೊಂಡು ಬಗ್ಗಿಸಿ ನೋಡಿದ. ಚಪ್ಪಲಿ ಮಾತಾಡಲಿಲ್ಲ. ಅದೇ ಹೊತ್ತಿಗೆ ದಾರಿಯ ಮೇಲೆ ಕರ್ರ್, ಕರ್ರ್ ಎಂದು ತಾತ್ಯಾಸಾಹೇಬರು ಬಂದರು. ದಪ್ಪ ದನಿ, ಸಣ್ಣ ದನಿ. ಎಲ್ಲರೂ ಆ ಕಾಲುಗಳನ್ನು ನೋಡಿದರು, ಎಲ್ಲರಿಗೂ ನಿರಾಳವಾಯಿತು. ಹವಾಲ್ದಾರ ಬರೆದುಕೊಂಡು ಗಟ್ಟಿಯಾಗಿ ಓದಿದ: ಮೃತನ ಎಡಗಾಲಿನ ಪಾದರಕ್ಷೆ, ಸದರಿ ಪಾದರಕ್ಷೆ ಸಪ್ಪಳ ಮಾಡುವುದಿಲ್ಲ. ಮುರಗೆಪ್ಪ ಹೆಬ್ಬೆಟ್ಟು ಒತ್ತಿದ. ಆ ಚಪ್ಪಲಿಯನ್ನು ಮುಟ್ಟಿ ಜೀಪಿನೊಳಗೆ ಇಡಲು ಪೊಲೀಸರು ಯಾರೂ ಒಪ್ಪದಿದ್ದಾಗ ಫೌಜದಾರ ಸೋನಾಬಾಯಿಯ ಕಡೆ ಕೋಲು ಚಾಚಿದ. “ಏ, ನಿಮ್ಮ ಕೆಲಸ ಇದು. ತಗೊಂಬಾ.” ಅವಳು ಸೆರಗಿನಲ್ಲಿ ಹಿಡಿದು ಒಯ್ದಳು. ಒಯ್ಯುವಾಗ ಹೆಬ್ಬೆರಳು ತಾನಾಗಿಯೇ ಹಿಮ್ಮಡಿಯ ಕೆಳಗೆ ಹೋಯಿತು. ಅಲ್ಲಿ, ಎರಡು ತೊಗಲುಗಳ ನಡುವೆ, ಅವಳೇ ಇಟ್ಟ ಬೀಜ ಇತ್ತು.

ನೆನೆದ ತೊಗಲು ಮಾತಾಡುವುದಿಲ್ಲ. ಕೇರಿಯ ಕೂಸಿಗೂ ಗೊತ್ತಿರುವ ಸಂಗತಿ ಇದು. ಮೂರು ದಿನ ನೆರಳಲ್ಲಿ ಒಣಗಿಸಿ, ಎಣ್ಣೆ ಕುಡಿಸಿ, ಬಿಸಿಲು ತೋರಿಸಿದರೆ ಅದು ಮತ್ತೆ ದನಿ ತೆಗೆಯುತ್ತದೆ. ಜೀಪಿನ ಹತ್ತಿರ ನಿಂತು ಇಷ್ಟನ್ನು ಹೇಳಬಹುದಾಗಿತ್ತು. ನಾಲ್ಕು ಮಾತು. ಅವಳು ಬಾಯಿ ತೆರೆದಳು ಕೂಡ. ಆಗ ಜಕ್ಕಪ್ಪ ಕಣ್ಣಿನಲ್ಲೇ ಬೇಡ ಎಂದ, ಅವಳು ಸೆರಗು ಕೊಡವಿಕೊಂಡು ಹಿಂದೆ ಸರಿದಳು. ಗಂಡ ತಡೆದನೆಂದು ಹನ್ನೊಂದು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾಳೆ. ಅದು ಸುಳ್ಳು. ಅವನು ತಡೆಯುವುದಕ್ಕೆ ಮುಂಚೆಯೇ ಅವಳ ನಾಲಿಗೆ ಒಣಗಿತ್ತು. ತಾನು ಎರಡು ದಿನ ಕುಳಿತು ಹೊಲಿದ ಹೊಸ ಜೋಡಿ ಆ ಮನುಷ್ಯನ ಪರವಾಗಿ ಊರೆದುರು ಸಾಕ್ಷಿ ಹೇಳಿ ಮುಗಿಸಿತ್ತು. ಆ ಸಾಕ್ಷಿಗೆ ದನಿ ಕೊಟ್ಟವಳು ಅವಳೇ.

ಆ ಶುಕ್ರವಾರ ಟಾಕಿಯ ಹತ್ತಿರ ಏನು ನಡೆಯಿತು ಎಂಬುದು ಅವಳಿಗೆ ಗೊತ್ತಿಲ್ಲ. ನೂಕಿದರೋ, ಜಾರಿದನೋ, ಜಗಳದಲ್ಲಿ ಯಾರ ಕೈ ಮೊದಲು ಎದ್ದಿತೋ, ನೋಡಿದವರು ಯಾರೂ ಇಲ್ಲ. ಬಹುಶಃ ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಿರುವುದು ಒಂದು ಚಪ್ಪಲಿ ಮಾತ್ರ. ಅದನ್ನೂ ಇವತ್ತು ಮೈಬೂಬನ ಹೆಸರಿಗೆ ಬರೆದುಬಿಟ್ಟರೆ, ತನ್ನದೇ ಚಪ್ಪಲಿ ಕಿತ್ತು ಎಡವಿ ಬಿದ್ದು ಸತ್ತವನು ಎಂದಾಗುತ್ತದೆ. ಜೀವಮಾನವೆಲ್ಲ ಬರಿಗಾಲಲ್ಲಿ ಆ ಟಾಕಿಯ ಅಂಚಿನ ಮೇಲೆ ನಡೆದ ಮನುಷ್ಯ!

ಅವಳು ಎದ್ದು ಬುಟ್ಟಿ ಎತ್ತಿದಳು. ಚಪ್ಪಲಿ ಕಪ್ಪಗೆ ಮಿರುಗುತ್ತಿತ್ತು. ಶುಕ್ರವಾರ ಸಂಜೆ ಕುಸುಬಿ ಎಣ್ಣೆ ಹಚ್ಚಿದವಳು ಅವಳೇ. ಶನಿವಾರ ಮತ್ತೆ ಹಚ್ಚಿ ಬಿಸಿಲಿಗಿಟ್ಟಳು, ಭಾನುವಾರ ಮತ್ತೆ. ಯಾಕೆ ಹಚ್ಚುತ್ತಿದ್ದೇನೆಂದು ಮನಸ್ಸನ್ನು ಕೇಳಿರಲಿಲ್ಲ. ಕೈಗಳು ತಮ್ಮ ಕೆಲಸ ಮಾಡಿದ್ದವು.

“ಅದನ್ನ ಯಾಕ ತಗದಿ?” ಜಕ್ಕಪ್ಪ ಬೀಡಿ ಎಸೆದ. “ಮೂರ ದಿನಾತು, ನಾ ನೋಡಾಕತ್ತೇನಿ. ಎಣ್ಣಿ ಹಚ್ಚತಿ, ಮುಚ್ಚಿಡತಿ.”

“ನೋಡಿದ್ರ ಕೇಳಬೇಕಿಲ್ಲೋ?”

“ಕೇಳಿದ್ರ ನೀ ಹೇಳಾಕಿ. ಅದಕ್ಕ ಕೇಳಲಿಲ್ಲ.”

ಅವಳಿಗೆ ನಗು ಬಂತು, ಅಳುವೂ ಬಂತು. “ಕೋರ್ಟಿಗೆ ಹೊಂಟೇನಿ.”

“ಹೋಗಿ ಏನಂತಿ? ಸತ್ತಾಂವ ಎದ್ದ ಬರ್ತಾನೇನು? ಈ ಜಾಗಾ ಯಾರ್ದು ಗೊತ್ತೈತಿಲ್ಲ? ಸಾಹೇಬ್ರ ಬಾಯಿಮಾತಿನ ಮ್ಯಾಲ ಕುಂತೇವಿ. ನಾಳಿ ಏಳ್ರಿ ಅಂದ್ರ ಈ ದೋಣಿ, ಈ ಕಲ್ಲ ಹೊತಕೊಂಡ ಎಲ್ಲಿ ಹೋಗೂದು?”

“ಎಲ್ಲೆರ ಹೋಗೂನು. ದೋಣಿ ಒಣಗಿ ಹನ್ನೊಂದ ವರ್ಷಾತು. ಆ ಒಣಾ ದೋಣಿ ಮುಂದ ಕುಂತ ದಿನಾ ಹೆಣೀತೇನಿ. ನಿನಗೇನೂ ಅನಸಂಗಿಲ್ಲೇನು?”

ಜಕ್ಕಪ್ಪ, ಮೊಮ್ಮಕ್ಕಳು ಆಡಿ ಬಿಟ್ಟ ಗೋಲಿಗಳು ಬಿದ್ದಿದ್ದ ದೋಣಿಯ ಕಡೆ ನೋಡಿದ. “ವಕೀಲ ಕೇಳ್ತಾನ, ಅವತ್ತ ಯಾಕ ಹೇಳಲಿಲ್ಲ ಅಂತ,” ಎಂದ, ದನಿ ಇಳಿಸಿ. “ಎಲ್ಲಾರ ಮುಂದ ಮಾನಾ ಕಳೀತಾನ.”

“ಅಂಜಿದ್ದೆ ಅಂತೇನಿ. ಮಾನಾ ಅವತ್ತ ಹೋಗೇತಿ, ಜೀಪಿನ ಹಂತ್ಯಾಕ. ಸಾಕ್ಷಿ ಹೇಳಾಕ ನನಗ ಬರಾಂಗಿಲ್ಲ, ಖರೆ. ಚಪ್ಪಲೀಗೆ ಬರತೈತಿ. ಹಾಕ್ಕೊಂಡ ನಡದ ತೋರಸ್ತೇನಿ.”

ಅವಳು ಎಡಗಾಲು ತೂರಿಸಿದಳು. ಅವಳ ಪಾದ ಅದರಲ್ಲಿ ಹುಡುಗಿಯ ಪಾದದಂತೆ ಕಂಡಿತು. ಒಂದು ಹೆಜ್ಜೆ ಇಡುವಷ್ಟರಲ್ಲಿ ಕಿತ್ತ ಬಾರಿನಿಂದ ಉಂಗುಟ ಜಾರಿ ಮುಗ್ಗರಿಸಿದಳು. ಜಕ್ಕಪ್ಪ ನೋಡುತ್ತ ಕುಳಿತಿದ್ದ. ಆಮೇಲೆ ಸರಿದು ಬಂದು ಅವಳ ಕಾಲ ಬಳಿ ಕುಳಿತು, “ತೆಗಿ ಇತ್ತ,” ಎಂದು ಕಸಿದುಕೊಂಡ. ಮೂರು ಹೊಲಿಗೆ ಹಾಕಿದ. ಅರಗಿನ ಚೀಟಿಗೆ ಕೈ ತಾಗದಂತೆ ದಾರವನ್ನು ಪಕ್ಕಕ್ಕೆ ಹಿಡಿದು, ಹೊಸ ಗಿರಾಕಿಯ ಚಪ್ಪಲಿಯನ್ನು ಹೊಲಿದಷ್ಟೇ ಜೋಪಾನವಾಗಿ ಹೊಲಿದ. ಹಲ್ಲಿನಿಂದ ನೂಲು ಕಡಿದು, ಒಳಗೆ ಹೋಗಿ ಅವಳ ಸ್ವಂತ ಚಪ್ಪಲಿಗಳನ್ನು ಮರಾಠಿ ಪೇಪರಿನಲ್ಲಿ ಸುತ್ತಿ ತಂದು ಚೀಲದಲ್ಲಿ ಹಾಕಿದ.

“ಇದನ್ನ ಕೋರ್ಟಿನಾಗ ಇಟಗೋತಾರ. ಬರೂಮುಂದ ಬರಿಗಾಲಲೆ ಬರಬ್ಯಾಡ.”

ಅವಳು ಅವನ ಮುಖ ನೋಡಿದಳು. ಅವನು ಆಗಲೇ ಕಲ್ಲಿನ ಕಡೆ ತಿರುಗಿದ್ದ.

ಕೇರಿ ದಾಟುವ ತನಕ ಮಣ್ಣು ಮೆತ್ತಗಿತ್ತು, ಚಪ್ಪಲಿ ಸುಮ್ಮನಿತ್ತು. ಸೋನಾಬಾಯಿ ಒಮ್ಮೆ ನಿಂತು ಕಾಲನ್ನು ನೋಡಿಕೊಂಡಳು. ಹನ್ನೊಂದು ವರ್ಷದ ತೊಗಲು, ಇಲಿ ಕಡಿದಿದೆ, ಬೀಜ ಪುಡಿಯಾಗಿರಬಹುದು. ಏನೂ ಇಲ್ಲದೆ ಹೋದರೆ ಒಂದು ಕಾಲಲ್ಲಿ ಗಂಡಸಿನ ಚಪ್ಪಲಿ ಮೆಟ್ಟಿದ ಹುಚ್ಚಿ ಎಂದು ಕೋರ್ಟಿನ ಜವಾನ ಹೊರಗೆ ಹಾಕುತ್ತಾನೆ. ಹಾಕಲಿ. ಓಣಿಯ ಹಾಸುಗಲ್ಲು ಬಂತು. ಎಡಗಾಲನ್ನು ಊರಿದಳು, ಹಿಮ್ಮಡಿ ಒತ್ತಿದಳು.

ಕರ್ರ್.

ದಪ್ಪ ದನಿ. ಸ್ವಲ್ಪ ಒರಟಾಗಿತ್ತು, ಬಹಳ ದಿನ ಮಾತಾಡದವರ ಗಂಟಲಿನಂತೆ. ಬಲಗಾಲು ಬರಿದು, ಅದಕ್ಕೆ ಸದ್ದಿಲ್ಲ. ಮತ್ತೆ ಕರ್ರ್. ಅವಳು ಅವಸರ ಮಾಡಲಿಲ್ಲ.

ವಾಡೆಯ ಪಡಸಾಲೆಯಲ್ಲಿ ತಾತ್ಯಾಸಾಹೇಬರು ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದರು. ಸಪ್ಪಳ ಕೇಳಿದ ಕೂಡಲೇ ಅವರು ದಾರಿಯ ಕಡೆ ನೋಡಲಿಲ್ಲ. ಪೇಪರು ಸರಿಸಿ ಮೊದಲು ತಮ್ಮ ಪಾದಗಳನ್ನು ನೋಡಿಕೊಂಡರು. ಅವರ ಜೋಡಿ ಕುರ್ಚಿಯ ಪಕ್ಕದಲ್ಲಿ ಸುಮ್ಮನೆ ಇತ್ತು. ಆಮೇಲೆ ತಲೆ ಎತ್ತಿದರು.

“ಯಾರದು? ಸಮಗಾರ್ರ ಸೋನಿ ಏನ? ಕಾಲಾಗ ಏನಲೇ ಅದು? ಯಾರ ಮನಿ ಮುಂದ ಹೊಂಟಿ, ಖಬರ ಐತೇನು?”

ಅವಳು ನಿಂತಳು. ಬಗ್ಗಲಿಲ್ಲ, ಬಿಚ್ಚಲಿಲ್ಲ. “ಐತ್ರಿ. ನಿಮ್ಮ ಚಪ್ಪಲಿ ಇದು, ಎಡಗಾಲಿಂದು. ಕೋರ್ಟಿಗೆ ಒಯ್ಯಾಕತ್ತೇನಿ.”

“ಹುಚ್ಚ ಹಿಡೀತೇನ ನಿನಗ? ನನ್ನ ಚಪ್ಪಲಿ ಆಗ ನಾಯಿ ಒಯ್ದಿತ್ತು.”

“ಹೌದ್ರಿ, ನೀವ ಹೇಳಿದ್ರಿ. ಶ್ಯಾಣ್ಯಾ ನಾಯಿ ನೋಡ್ರಿ. ಟಾಕಿ ಬುಡಕ ಒಯ್ದ ಇಟ್ಟ ಬಂದೈತಿ.”

ಅವರು ಎದ್ದರು. ಕುರ್ಚಿ ಹಿಂದೆ ಸರಿದು ಗೋಡೆಗೆ ಬಡಿಯಿತು. “ನಾಳಿ ಹೊತ್ತ ಹೊಂಡೂದ್ರಾಗ ಜಾಗಾ ಖಾಲಿ ಮಾಡಬೇಕು. ಗಂಡಗ ಹೇಳು.”

“ನೀವ ಹೇಳ್ರಿ ಸಾಹೇಬ್ರ, ಮನ್ಯಾಗ ಅದಾನ. ನನಗ ಬಸ್ಸಿನ ಹೊತ್ತಾತು.”

ಮಾತು ತನ್ನದೇ ಬಾಯಿಂದ ಬಂದದ್ದೆಂದು ನಂಬುವುದಕ್ಕೆ ಅವಳಿಗೆ ಹತ್ತು ಹೆಜ್ಜೆ ಬೇಕಾಯಿತು. ಹಿಮ್ಮಡಿಯನ್ನು ಒತ್ತಿ ಒತ್ತಿ ನಡೆದಳು. ಒತ್ತಿದಷ್ಟೂ ಚಪ್ಪಲಿ ಗಟ್ಟಿಯಾಗಿ ಕೂಗಿತು. ಕರ್ರ್. ಮುಂದಿನ ತಿರುವಿನಾಚೆ ಚಾವಡಿ ಕಟ್ಟೆ, ಕಟ್ಟೆಯ ಬದಿಗೆ ಸ್ಟ್ಯಾಂಡು. ಸ್ಟ್ಯಾಂಡಿನ ಬೇವಿನ ಕೆಳಗೆ ಕುಲಸುಂಬಿ ಕಬ್ಬಿಣದ ಚಾವಿಯನ್ನು ಮಗುವಿನಂತೆ ಎದೆಗೊತ್ತಿಕೊಂಡು ನಿಂತಿರುವುದು ತಿರುವಿನಲ್ಲೇ ಕಂಡಿತು. ಕುಲಸುಂಬಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಕಟ್ಟೆಯ ಮೇಲಿನ ಏಳೆಂಟು ಜನ. ಅವರೆಲ್ಲ ಆಗಲೇ ಎದ್ದು ನಿಂತಿದ್ದರು. ಬೀಡಿಗಳು ಬೆನ್ನ ಹಿಂದೆ ಹೋಗಿದ್ದವು, ಒಬ್ಬನ ಕೈ ಅರ್ಧ ಹಣೆಗೆ ಏರಿತ್ತು. ತಿರುವಿನಿಂದ ಬಂದವಳು ಸಮಗಾರರ ಸೋನಾಬಾಯಿ.

ಹಣೆಗೆ ಏರಿದ್ದ ಕೈ ಕೆಳಗೆ ಇಳಿಯಿತು. “ಏ, ಇಕೀ ಏನಪಾ!” ಎಂದು ಒಬ್ಬ ನಕ್ಕು ಕೂರಲು ಹೋದ. ಮುದುಕ ಮುರಗೆಪ್ಪ ಮಾತ್ರ ಅವಳ ಎಡಗಾಲಿನಿಂದ ಕಣ್ಣು ತೆಗೆದಿರಲಿಲ್ಲ. ಅವನು ಚೀಟಿಯನ್ನು ನೋಡಿದ, ಅರಗಿನ ಮುದ್ರೆ ನೋಡಿದ. ತನ್ನ ಬಲಗೈಯ ಹೆಬ್ಬೆರಳನ್ನು ಧೋತರಕ್ಕೆ ಒಂದು ಸಲ ಒರೆಸಿಕೊಂಡ.

“ಇದ ಏನವ್ವಾ, ಅವತ್ತ ಸುಮ್ಮನಿದ್ದದ್ದು?”

“ಇದ ನೋಡ್ರಿ ಅಜ್ಜಾರ. ಅವತ್ತ ತೊಯ್ದಿತ್ತು.”

ಮುರಗೆಪ್ಪ ತಲೆದೂಗಿದ, ಬಹಳ ಹೊತ್ತಿನ ಮೇಲೆ ಲೆಕ್ಕ ತಿಳಿದ ಹುಡುಗನ ಹಾಗೆ. ಪಕ್ಕದವನು ಅವನ ತೋಳು ಹಿಡಿದು, “ಕುಂಡ್ರ ಮುತ್ಯಾ, ಸಾಹೇಬ್ರಲ್ಲ ಅದು,” ಎಂದ. “ಗೊತ್ತೈತಿ,” ಎಂದ ಮುರಗೆಪ್ಪ, ಕೋಲನ್ನು ಗಟ್ಟಿಯಾಗಿ ಊರಿಕೊಂಡು. ಕೂರಲಿಲ್ಲ. ಅರ್ಧ ಕುಳಿತವನು ಮುದುಕನ ಮುಖ ನೋಡಿ ಮತ್ತೆ ಎದ್ದ. ಹಿಂದೆ ವಾಡೆಯ ಕಡೆಯಿಂದ ಕರ್ರ್, ಕರ್ರ್ ಎಂದು ಎರಡು ಕಾಲಿನ ಸಪ್ಪಳ ಅವಸರದಿಂದ ಬರುತ್ತಿತ್ತು. ಕಟ್ಟೆಯವರು ಯಾರೂ ಆ ಕಡೆ ತಿರುಗಲಿಲ್ಲ. ಸೋನಾಬಾಯಿ ಒಂದು ಕಾಲಿನ ಸಪ್ಪಳ ಮಾಡುತ್ತ ಅವರ ಮುಂದೆ ಹಾದು ಬೇವಿನ ನೆರಳು ಮುಟ್ಟಿದಳು, ಕುಲಸುಂಬಿ ಅವಳ ಕೈಯ ಚೀಲ ಇಸಿದುಕೊಂಡಳು, ಬಸ್ಸು ಬಂತು. ಬಸ್ಸು ಹೊರಡುವ ತನಕ ಕಟ್ಟೆಯ ಮೇಲೆ ಒಬ್ಬರೂ ಕೂರಲಿಲ್ಲ.